ಮಗುವಿನ ಮಾತು ತಡವಾಗಿದೆಯೇ? ತಪಾಸಣೆಯನ್ನು ಸರಿಯಾದ ಕ್ರಮದಲ್ಲಿ ಮಾಡಿಸುವ ಸಮಗ್ರ ಮಾರ್ಗದರ್ಶಿ

ಮಗುವಿಗೆ ಎರಡು ವರ್ಷ ತುಂಬುತ್ತಾ ಬಂದರೂ ಮಾತು ಬಂದಿಲ್ಲವೆಂದು ತಪಾಸಣೆಗೆ ಹೊರಡುವ ಅನೇಕ ತಂದೆತಾಯಂದಿರು ತಿಂಗಳುಗಟ್ಟಲೆ ಓಡಾಡಿಯೂ ಉತ್ತರ ಸಿಗದೆ ಕಂಗಾಲಾಗುತ್ತಾರೆ. ಅವರ ಕಾಳಜಿಯಲ್ಲಿ ಕೊರತೆ ಇರುವುದಿಲ್ಲ, ಕ್ರಮ ತಪ್ಪಿರುತ್ತದೆ. ಕಿವಿಯ ಪರೀಕ್ಷೆ ಆಗದೆ ಸ್ಪೀಚ್ ಥೆರಪಿಸ್ಟ್ ಬಳಿ ಹೋದರೆ ಮೊದಲು ಕಿವಿ ತೋರಿಸಿಕೊಂಡು ಬನ್ನಿ ಎನ್ನುತ್ತಾರೆ. ಕಿವಿಯ ಪರೀಕ್ಷೆಗೆ ಹೋದ ದಿನ ಮಗು ದಾರಿಯಲ್ಲೇ ನಿದ್ದೆ ಮುಗಿಸಿ ಕಣ್ಣರಳಿಸಿ ಕೂತಿರುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ವೈದ್ಯರು ‘ಇನ್ನೂ ಸ್ವಲ್ಪ ದಿನ ನೋಡೋಣ’ ಎಂದಾಗ ಎಷ್ಟು ದಿನ ಎಂದು ಯಾರೂ ಕೇಳಿರುವುದಿಲ್ಲ.

ಈ ಬರಹ ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ತಂದೆತಾಯಂದಿರಿಗಾಗಿ. ಹಂತಗಳನ್ನು ಹಿಂದುಮುಂದು ಮಾಡದೆ ಇದೇ ಕ್ರಮದಲ್ಲಿ ಅನುಸರಿಸಿ.

## ಹಂತ 1: ಕಾಯಬಹುದೇ, ಈಗಲೇ ಹೊರಡಬೇಕೇ?

ಮಕ್ಕಳೆಲ್ಲ ಒಂದೇ ದಿನ ಮಾತು ಕಲಿಯುವುದಿಲ್ಲ, ನಿಜ. ಆದರೆ ಆ ಮಾತಿಗೂ ಒಂದು ಮಿತಿಯಿದೆ. ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡರೂ ತಪಾಸಣೆಗೆ ಹೊರಡಿ:

- 12 ತಿಂಗಳಾದರೂ ‘ಬಬಬ’, ‘ದದದ’ ಎಂಬಂಥ ತೊದಲುನುಡಿ ಇಲ್ಲ. ಬೆರಳು ಮಾಡಿ ತೋರಿಸುವುದು, ಟಾಟಾ ಮಾಡುವುದು ಮುಂತಾದ ಸನ್ನೆಗಳಿಲ್ಲ.
- 16 ತಿಂಗಳಾದರೂ ಒಂದೇ ಒಂದು ಪದವೂ ಇಲ್ಲ.
- 24 ತಿಂಗಳಾದರೂ ‘ನೀರು ಬೇಕು’, ‘ಅಮ್ಮ ಬಾ’ ಎಂದು ಎರಡು ಪದಗಳನ್ನು ತಾನಾಗಿ ಜೋಡಿಸುವುದಿಲ್ಲ, ಅಥವಾ ಒಟ್ಟು ಪದಗಳು 50ಕ್ಕಿಂತ ಕಡಿಮೆ ಇವೆ.
- ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ.
- ಯಾವ ವಯಸ್ಸಿನಲ್ಲೇ ಆಗಲಿ, ಬರುತ್ತಿದ್ದ ಪದಗಳು ಅಥವಾ ಸನ್ನೆಗಳು ನಿಂತುಹೋಗಿವೆ.

ಕೊನೆಯದನ್ನು ಮತ್ತೊಮ್ಮೆ ಓದಿ. ನಿನ್ನೆ ಮೊನ್ನೆಯವರೆಗೆ ಹತ್ತು ಪದ ಹೇಳುತ್ತಿದ್ದ ಮಗು ಈಗ ಒಂದನ್ನೂ ಹೇಳುತ್ತಿಲ್ಲವೆಂದರೆ ಒಂದು ವಾರವೂ ಕಾಯುವಂತಿಲ್ಲ. ಟಿಪ್ಪಣಿ, ವಿಡಿಯೋ ಎಂದು ಸಿದ್ಧತೆಗೆ ಕೂರದೆ ನೇರವಾಗಿ ಮಕ್ಕಳ ವೈದ್ಯರ ಬಳಿ ಹೋಗಿ.

ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಲೆಕ್ಕ ಹಾಕಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ 18 ತಿಂಗಳ ಮಗುವನ್ನು 16 ತಿಂಗಳ ಮಗುವೆಂದು ನೋಡಿ.

ಇನ್ನು ಕಾಯುವಂತೆ ಮಾಡುವ ಮಾತುಗಳು. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಎನ್ನುತ್ತಾರೆ. ಮನೆತನದಲ್ಲಿ ತಡವಾಗಿ ಮಾತು ಬಂದ ಇತಿಹಾಸವಿದ್ದರೆ ತಪಾಸಣೆಗೆ ಅದೂ ಒಂದು ಕಾರಣವೇ. ‘ಗಂಡು ಮಕ್ಕಳು ನಿಧಾನ’ ಎನ್ನುತ್ತಾರೆ. ಸರಾಸರಿಯಲ್ಲಿ ಚೂರು ವ್ಯತ್ಯಾಸ ಇರುವುದು ಹೌದಾದರೂ ಮೇಲಿನ ಗಡಿಗಳು ಗಂಡು ಹೆಣ್ಣು ಇಬ್ಬರಿಗೂ ಒಂದೇ. ‘ಮನೆಯಲ್ಲಿ ಎರಡು ಭಾಷೆ, ಮಗುವಿಗೆ ಗೊಂದಲ’ ಎಂಬುದಂತೂ ಪೂರ್ತಿ ತಪ್ಪು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ನಾಲಗೆಯ ಕೆಳಗಿನ ದಾರ ಗಿಡ್ಡವಿದೆ, ಕತ್ತರಿಸಿದರೆ ಮಾತು ಬರುತ್ತದೆ ಎನ್ನುವವರೂ ಇದ್ದಾರೆ. ಗಿಡ್ಡ ದಾರದಿಂದ ಕೆಲವು ಉಚ್ಚಾರಣೆ ತೊಡಕಾಗಬಹುದೇ ಹೊರತು ಪದಗಳೇ ಬಾರದಿರುವುದಕ್ಕೆ ಅದು ಕಾರಣವಲ್ಲ.

ತಡವಾಗಿ ಮಾತು ಕಲಿಯುವ ಮಕ್ಕಳಲ್ಲಿ ಅನೇಕರು ತಾವಾಗಿಯೇ ಸರಿಹೋಗುತ್ತಾರೆ ಎಂಬುದೂ ಸತ್ಯ. ಆದರೆ ಎರಡು ವರ್ಷದ ಇಬ್ಬರು ಮೌನಿ ಮಕ್ಕಳನ್ನು ಮುಂದೆ ಕೂರಿಸಿ, ಯಾರಿಗೆ ತಾನಾಗಿ ಮಾತು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಖಚಿತವಾಗಿ ಹೇಳಲು ಯಾರಿಂದಲೂ ಆಗದು. ತಪಾಸಣೆಯಿಂದ ಮಗುವಿಗೆ ನಷ್ಟವೇನಿಲ್ಲ, ಕಾದರೆ ನಷ್ಟವಾಗುವ ಸಾಧ್ಯತೆ ಇದೆ.

## ಹಂತ 2: ಮೂರೂ ಕಡೆ ಇವತ್ತೇ ದಿನ ಗೊತ್ತುಮಾಡಿ

ನೀವು ಕಾಣಬೇಕಾದವರು ಮೂವರು: ಮಕ್ಕಳ ವೈದ್ಯರು, ಕಿವಿಯ ಶ್ರವಣಶಕ್ತಿ ಅಳೆಯುವ ಆಡಿಯಾಲಜಿಸ್ಟ್, ಮಾತು ಮತ್ತು ಭಾಷೆಯನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್. ಕೆಲವು ಆಸ್ಪತ್ರೆಗಳಲ್ಲಿ ಕೊನೆಯ ಎರಡೂ ಕೆಲಸವನ್ನು ಒಂದೇ ವಿಭಾಗ ಮಾಡುತ್ತದೆ.

ಒಬ್ಬರನ್ನು ಕಂಡ ಮೇಲೆ ಇನ್ನೊಬ್ಬರ ಸರದಿಗೆ ಹೆಸರು ಬರೆಸಿದರೆ ಮೂರು ಸರದಿಗಳ ಕಾಯುವಿಕೆ ಒಂದರ ಮೇಲೊಂದು ಕೂಡಿಕೊಳ್ಳುತ್ತದೆ. ಎರಡು ವರ್ಷದ ಮಗುವಿನ ಬದುಕಿನಲ್ಲಿ ನಾಲ್ಕು ತಿಂಗಳೆಂದರೆ ಅಲ್ಪಕಾಲವಲ್ಲ. ಆದ್ದರಿಂದ ಮೂರೂ ಕಡೆ ಈಗಲೇ ಹೆಸರು ಬರೆಸಿ. ಹೋಗುವ ಕ್ರಮ ಮಾತ್ರ ಹೀಗಿರಲಿ: ಮಕ್ಕಳ ವೈದ್ಯರು, ಆಮೇಲೆ ಕಿವಿ, ಕೊನೆಗೆ ಮಾತು. ವೈದ್ಯರ ಚೀಟಿ ಇಲ್ಲದೆ ದಿನಾಂಕ ಕೊಡುವುದಿಲ್ಲ ಎನ್ನುವ ಕಡೆಗಳಲ್ಲಿ ಮೊದಲ ಭೇಟಿಯಲ್ಲೇ ಎರಡೂ ಚೀಟಿ ಬರೆಸಿಕೊಳ್ಳಿ.

ಹೆಸರು ಬರೆಸುವಾಗ ಮೂರು ಪ್ರಶ್ನೆ ಕೇಳಿ. ಇಷ್ಟು ಚಿಕ್ಕ ಮಕ್ಕಳನ್ನು ಪರೀಕ್ಷಿಸುತ್ತೀರಾ? ಮಗು ನಿದ್ದೆಯಲ್ಲಿರಬೇಕೇ? ಲಿಖಿತ ವರದಿ ಕೊಡುತ್ತೀರಾ? ದೊಡ್ಡವರಿಗೆ ಮಾತ್ರ ಪರೀಕ್ಷೆ ಮಾಡುವ ಶ್ರವಣ ಕೇಂದ್ರಗಳೂ ಇವೆ, ಅಲ್ಲಿಯವರೆಗೆ ಹೋಗಿ ತಿಳಿಯುವುದಕ್ಕಿಂತ ಫೋನಿನಲ್ಲೇ ತಿಳಿಯುವುದು ಮೇಲು.

ಒಂದು ಫೈಲಿನಲ್ಲಿ ಇವಿಷ್ಟನ್ನೂ ಜೋಡಿಸಿಡಿ: ಹೆರಿಗೆಯ ಡಿಸ್ಚಾರ್ಜ್ ದಾಖಲೆ, ಲಸಿಕೆ ಕಾರ್ಡ್, ಹುಟ್ಟಿದಾಗ ಕಿವಿ ಪರೀಕ್ಷೆ ಆಗಿದ್ದರೆ ಅದರ ಫಲಿತಾಂಶ, ಮಗು ಆಸ್ಪತ್ರೆಗೆ ಸೇರಿದ್ದರೆ ಆ ಕಾಗದಗಳು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದುದು, ರಕ್ತ ಬದಲಾಯಿಸುವಷ್ಟು ಏರಿದ ಕಾಮಾಲೆ, ಮೆದುಳುಜ್ವರ, ಜೆಂಟಾಮೈಸಿನ್‌ನಂಥ ಔಷಧಿಗಳ ಬಳಕೆ, ಕುಟುಂಬದಲ್ಲಿ ಬಾಲ್ಯದಿಂದಲೇ ಕಿವಿ ಕೇಳದವರು ಇರುವುದು — ಇವೆಲ್ಲ ಶ್ರವಣದೋಷದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ನೀವಾಗಿ ಹೇಳದಿದ್ದರೆ ಅವಸರದಲ್ಲಿ ಯಾರೂ ಕೇಳದೆಯೂ ಇರಬಹುದು.

## ಹಂತ 3: ಒಂದು ವಾರ ಪದಗಳನ್ನು ಬರೆದಿಡಿ

‘ಎಷ್ಟು ಪದ ಹೇಳುತ್ತದೆ?’ ಎಂಬ ಪ್ರಶ್ನೆಗೆ ‘ಏನೋ ಒಂದು ಹತ್ತು ಹದಿನೈದು’ ಎಂಬ ಉತ್ತರದಿಂದ ತಜ್ಞರಿಗೆ ಏನೂ ತಿಳಿಯುವುದಿಲ್ಲ. ಪುಟ್ಟ ನೋಟ್‌ಬುಕ್ಕೊಂದನ್ನು ಅಡುಗೆಮನೆಯಲ್ಲೋ ಮಗು ಹೆಚ್ಚು ಹೊತ್ತು ಇರುವಲ್ಲೋ ಇಡಿ. ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಅದರಲ್ಲಿ ಬರೆಯಲಿ.

ಯಾವುದು ಪದ? ಒಂದೇ ವಸ್ತುವಿಗೋ ವ್ಯಕ್ತಿಗೋ ಕೆಲಸಕ್ಕೋ ಮಗು ಮತ್ತೆ ಮತ್ತೆ, ಯಾರೂ ಹೇಳಿಕೊಡದೆ ಬಳಸುವ ಅದೇ ಧ್ವನಿ. ಉಚ್ಚಾರ ಸರಿ ಇರಬೇಕಿಲ್ಲ. ಮಗು ಲೋಟ ತೋರಿಸಿ ಪ್ರತಿ ಸಲ ‘ನೀಯಿ’ ಎಂದರೆ ಅದು ‘ನೀರು’, ಪಟ್ಟಿಗೆ ಸೇರಿಸಿ. ನಾಯಿ ಕಂಡಾಗ ‘ಬೌ ಬೌ’ ಎನ್ನುವುದೂ ಪದವೇ. ಯಾವ ಭಾಷೆಯ ಪದವಾದರೂ ಲೆಕ್ಕಕ್ಕೆ ಬರುತ್ತದೆ, ಎರಡು ಭಾಷೆಯ ಮನೆಯಲ್ಲಿ ಎರಡನ್ನೂ ಕೂಡಿಸಬೇಕು.

ಯಾವುದು ಅಲ್ಲ? ನೀವು ‘ಚೆಂಡು ಅನ್ನು’ ಎಂದಾಗ ಮಾತ್ರ ಬರುವ ಅನುಕರಣೆ ಅಲ್ಲ. ಒಂದರಿಂದ ಹತ್ತು, ಅಕ್ಷರಮಾಲೆ, ಮೊಬೈಲಿನಲ್ಲಿ ಕೇಳಿದ ಶಿಶುಗೀತೆಯ ಸಾಲು ಇವೂ ಅಲ್ಲ. ಇಲ್ಲೇ ಅನೇಕರು ಎಡವುವುದು. ಮಗು ಅಕ್ಷರಗಳನ್ನೆಲ್ಲ ಹೇಳುತ್ತದೆ, ಆದರೆ ನೀರು ಬೇಕಾದಾಗ ಅಮ್ಮನ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ ಎಂದಾದರೆ ಆ ಎರಡನ್ನೂ ಬರೆಯಿರಿ. ತಜ್ಞರಿಗೆ ಅದು ಬಹಳ ಮುಖ್ಯವಾದ ಸುಳಿವು.

ಪದದ ಪಕ್ಕದಲ್ಲಿ ಸಂದರ್ಭವನ್ನೂ ಬರೆದುಕೊಳ್ಳಿ. ಬೇಕೆಂದು ಕೇಳಲು ಹೇಳಿತೇ, ಏನನ್ನೋ ತೋರಿಸಿ ನಿಮ್ಮೊಡನೆ ಸಂತೋಷ ಹಂಚಿಕೊಳ್ಳಲು ಹೇಳಿತೇ, ಬೇಡವೆನ್ನಲು ಹೇಳಿತೇ? ಪದವೇ ಇಲ್ಲದ ಮಗುವಾದರೆ ಅದು ತನಗೆ ಬೇಕಾದ್ದನ್ನು ಹೇಗೆ ತಿಳಿಸುತ್ತದೆ ಎಂಬುದನ್ನು ಬರೆಯಿರಿ. ಬೆರಳು ಮಾಡುವುದೂ ತಲೆಯಾಡಿಸುವುದೂ ಸಂವಹನವೇ.

## ಹಂತ 4: ಎಷ್ಟು ಅರ್ಥವಾಗುತ್ತದೆ ಎಂದು ಪರೀಕ್ಷಿಸಿ, ಕೈಕಟ್ಟಿಕೊಂಡು

‘ಮಾತು ಇಲ್ಲ, ಆದರೆ ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ’ ಎಂದು ಬಹುತೇಕ ತಂದೆತಾಯಂದಿರು ಮನಸಾರೆ ನಂಬಿರುತ್ತಾರೆ. ಪರೀಕ್ಷಿಸಿ ನೋಡಿದಾಗ ಹಲವು ಸಲ ಚಿತ್ರ ಬೇರೆಯೇ ಇರುತ್ತದೆ. ‘ಚಪ್ಪಲಿ ತಗೊಂಡು ಬಾ’ ಎನ್ನುವಾಗ ನೀವು ಬಾಗಿಲ ಕಡೆ ನೋಡುತ್ತೀರಿ, ಕೈ ಚಾಚುತ್ತೀರಿ, ಹೊರಗೆ ಹೋಗುವ ಬಟ್ಟೆ ಹಾಕಿಕೊಂಡಿರುತ್ತೀರಿ. ಮಗು ಅದನ್ನು ಓದಿಕೊಂಡು ಚಪ್ಪಲಿ ತರುತ್ತದೆ. ಪದ ಅರ್ಥವಾಯಿತೇ ಇಲ್ಲವೇ ಎಂಬುದು ತಿಳಿಯಲೇ ಇಲ್ಲ.

ಸರಿಯಾದ ವಿಧಾನ ಇದು. ಮಗುವಿಗೆ ಗೊತ್ತಿರುವ ನಾಲ್ಕು ವಸ್ತುಗಳನ್ನು, ಚೆಂಡು, ಚಮಚ, ಬಾಚಣಿಗೆ, ಕಾಲುಚೀಲ ಎಂದಿಟ್ಟುಕೊಳ್ಳಿ, ನೆಲದ ಮೇಲೆ ಸಾಲಾಗಿ ಇಡಿ. ಎದುರಿಗೆ ಕೂತು ಕೈಕಟ್ಟಿಕೊಳ್ಳಿ. ಕಣ್ಣು ಮಗುವಿನ ಮುಖದ ಮೇಲಿರಲಿ, ವಸ್ತುವಿನ ಮೇಲೆ ಬೇಡ. ‘ಬಾಚಣಿಗೆ ಕೊಡು’ ಎಂದು ಒಮ್ಮೆ ಹೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಕೊಟ್ಟದ್ದನ್ನು ಮತ್ತೆ ಅಲ್ಲೇ ಇಟ್ಟು, ಜಾಗ ಬದಲಿಸಿ, ಇನ್ನೊಂದನ್ನು ಕೇಳಿ. ಸರಿಯಾಗಿ ಕೊಟ್ಟದ್ದು ಯಾವುದು, ಸಿಕ್ಕಿದ್ದನ್ನು ಕೊಟ್ಟದ್ದು ಯಾವಾಗ ಎಂದು ಗುರುತು ಮಾಡಿಕೊಳ್ಳಿ. ಮಗು ಆಟದ ಹುಮ್ಮಸ್ಸಿನಲ್ಲಿರುವಾಗ ಬೇರೆ ಬೇರೆ ದಿನ ಮಾಡಿ ನೋಡಿ, ದಣಿದಾಗ ಬೇಡ.

ಅರ್ಥವಾಗುವುದೂ ಕಡಿಮೆ, ಆಡುವುದೂ ಕಡಿಮೆ ಎಂದು ಕಂಡರೆ ಬರೀ ಆಡುವುದು ಮಾತ್ರ ತಡವಾದ ಮಗುವಿಗಿಂತ ಈ ಮಗುವಿಗೆ ನೆರವು ಬೇಗ ಬೇಕು. ದಿನಾಂಕ ದೂರವಿದ್ದರೆ ಈ ಕಾರಣ ಹೇಳಿ ಹತ್ತಿರದ ದಿನ ಕೇಳಬಹುದು.

## ಹಂತ 5: ಚಿಕ್ಕ ವಿಡಿಯೋಗಳು

ಹೊಸ ಕೋಣೆ, ಹೊಸ ಮುಖ ಕಂಡ ಮಗು ಬಾಯಿ ಮುಚ್ಚಿಕೊಳ್ಳುವುದು ಸಹಜ. ಅದಕ್ಕೇ ಮನೆಯ ವಿಡಿಯೋ ಬೇಕು. ಒಂದೆರಡು ನಿಮಿಷದ ಮೂರು ಸಾಕು: ಮಗು ನಿಮ್ಮೊಡನೆ ಆಡುತ್ತಿರುವುದು, ಒಂಟಿಯಾಗಿ ಆಡುತ್ತಿರುವುದು, ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದಾಗ ಏನು ಮಾಡುತ್ತದೆ ಎಂಬುದು. ‘ಹೇಳು, ಹೇಳು ಮಾಮಂಗೆ’ ಎಂದು ಒತ್ತಾಯಿಸುವ ವಿಡಿಯೋ ಪ್ರಯೋಜನಕ್ಕೆ ಬಾರದು. ಟಿವಿ ಆರಿಸಿರಿ, ಮಗುವಿನ ಮುಖ ಕಾಣುವಂತಿರಲಿ.

## ಹಂತ 6: ಮಕ್ಕಳ ವೈದ್ಯರ ಭೇಟಿ

ಜ್ವರಕ್ಕೋ ಲಸಿಕೆಗೋ ಹೋದಾಗ ಕೊನೆಯಲ್ಲಿ ಬಾಗಿಲ ಬಳಿ ನಿಂತು ‘ಅಂದಹಾಗೆ ಡಾಕ್ಟರೇ, ಇವನು ಮಾತಾಡುತ್ತಿಲ್ಲ’ ಎಂದರೆ ಸಿಗುವುದು ಬಾಗಿಲ ಬಳಿಯ ಉತ್ತರವೇ. ಇದೊಂದೇ ವಿಷಯಕ್ಕೆ ಪ್ರತ್ಯೇಕ ಭೇಟಿ ಇಟ್ಟುಕೊಳ್ಳಿ. ಪಟ್ಟಿಯನ್ನು ಮೇಜಿನ ಮೇಲಿಟ್ಟು ಆರಂಭದಲ್ಲೇ ಹೇಳಿ: ಮಗುವಿಗೆ 22 ತಿಂಗಳು, ಸ್ವಂತವಾಗಿ ಹೇಳುವ ಪದ ಆರು, ಎರಡು ಪದ ಜೋಡಿಸುವುದಿಲ್ಲ, ಶ್ರವಣ ಪರೀಕ್ಷೆ ಮತ್ತು ಭಾಷಾ ಮೌಲ್ಯಮಾಪನಕ್ಕೆ ಚೀಟಿ ಬೇಕು.

ವೈದ್ಯರು ಮಗುವಿನ ಒಟ್ಟು ಬೆಳವಣಿಗೆ, ತಲೆಯ ಸುತ್ತಳತೆ, ಕಿವಿ, ಬಾಯಿಯ ಅಂಗುಳು ಇತ್ಯಾದಿ ನೋಡುತ್ತಾರೆ. 16ರಿಂದ 30 ತಿಂಗಳ ಮಕ್ಕಳಾದರೆ, ಆಟಿಸಂನ (ಇತರರೊಡನೆ ಬೆರೆಯುವುದು, ಸಂವಹನ ಭಿನ್ನವಾಗಿ ಬೆಳೆಯುವ ಸ್ಥಿತಿ) ಸಾಧ್ಯತೆ ನೋಡಲು ಎಂ-ಚಾಟ್ ಎಂಬ ಪ್ರಶ್ನಾವಳಿಯನ್ನು ಕೊಡಬಹುದು. ಅದರಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸುವ 20 ಪ್ರಶ್ನೆಗಳಿವೆ. ಅಂಕ 0ರಿಂದ 2 ಬಂದರೆ ಅಪಾಯ ಕಡಿಮೆ, 3ರಿಂದ 7 ಬಂದರೆ ಮತ್ತೊಂದು ಸುತ್ತಿನ ವಿವರವಾದ ಪ್ರಶ್ನೆಗಳು, 8 ಅಥವಾ ಹೆಚ್ಚಾದರೆ ನೇರವಾಗಿ ಪೂರ್ಣ ಮೌಲ್ಯಮಾಪನ. ಇದು ಜರಡಿ ಹಿಡಿಯುವ ಸಾಧನ ಮಾತ್ರ, ಆಟಿಸಂ ಇದೆ ಎಂದು ತೀರ್ಪು ಕೊಡುವುದಿಲ್ಲ. ಒಂದೆರಡು ಸಲ ಮಾಡಿದ್ದನ್ನು ‘ಹೌದು’ ಎಂದು ತುಂಬಬೇಡಿ, ಸಾಮಾನ್ಯವಾಗಿ ಮಾಡುವುದನ್ನು ಮಾತ್ರ ಹೌದೆನ್ನಿ. ಅಂಕ ಚೆನ್ನಾಗಿ ಬರಲೆಂದು ಉತ್ತರ ಸಡಿಲಿಸಿದರೆ ಮೋಸವಾಗುವುದು ಮಗುವಿಗೆ.

‘ನೋಡೋಣ’ ಎಂದರೆ ಕೂಡಲೇ ಕೇಳಿ: ಯಾವ ದಿನಾಂಕದವರೆಗೆ? ಅಷ್ಟರಲ್ಲಿ ಏನು ಬರಬೇಕು? ಬರದಿದ್ದರೆ ಏನು ಮಾಡಬೇಕು? ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಒಂದನೇ ಹಂತದ ಲಕ್ಷಣ ಇದ್ದೂ ಕಾಯಲು ಹೇಳಿದರೆ ಬೇರೊಬ್ಬ ವೈದ್ಯರನ್ನು ಕಾಣುವುದು ಅಗೌರವವಲ್ಲ.

## ಹಂತ 7: ಶ್ರವಣ ಪರೀಕ್ಷೆ — ಬಿಡಲೇಬಾರದ ಹಂತ

‘ಬಿಸ್ಕತ್ತಿನ ಪೊಟ್ಟಣದ ಸದ್ದಿಗೆ ಓಡಿ ಬರುತ್ತದೆ, ಕಿವಿ ಚೆನ್ನಾಗಿದೆ’ ಎಂದು ಈ ಪರೀಕ್ಷೆಯನ್ನೇ ಬಿಡುವವರು ಬಹಳ. ಸದ್ದು ಕೇಳುವುದೇ ಬೇರೆ, ಮಾತಿನ ಒಂದೊಂದು ಧ್ವನಿಯೂ ಸ್ಪಷ್ಟವಾಗಿ ಕೇಳುವುದೇ ಬೇರೆ. ಹೆಚ್ಚು ಕಂಪನಾಂಕದ ಧ್ವನಿಗಳಷ್ಟೇ ಕೇಳದ ಮಗುವಿಗೆ ಬಾಗಿಲು ಬಡಿದದ್ದು, ಗಾಡಿಯ ಹಾರ್ನ್ ಎಲ್ಲ ಕೇಳುತ್ತದೆ. ‘ಸ’, ‘ಶ’ದಂಥ ಧ್ವನಿಗಳು ಜಾರಿಹೋಗುತ್ತವೆ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡುವ ಮನೆಪರೀಕ್ಷೆಯೂ ನಂಬಲರ್ಹವಲ್ಲ. ನೆರಳು, ಗಾಳಿಯ ಅಲುಗು, ನೆಲದ ಕಂಪನಕ್ಕೂ ಮಗು ತಿರುಗುತ್ತದೆ. ಹುಟ್ಟಿದಾಗ ಪಾಸಾಗಿತ್ತು ಎಂಬುದೂ ಸಾಲದು, ಕೆಲವು ಶ್ರವಣದೋಷಗಳು ಆಮೇಲೆ ಕಾಣಿಸಿಕೊಳ್ಳುತ್ತವೆ. ಶೀತವಾದಾಗಲೆಲ್ಲ ಕಿವಿತಮಟೆಯ ಹಿಂದೆ ದ್ರವ ತುಂಬುವ ಮಕ್ಕಳಿಗೆ ಒಂದು ವಾರ ಕೇಳಿ ಇನ್ನೊಂದು ವಾರ ಮಂದವಾಗುವುದುಂಟು. ನೋವೇ ಇಲ್ಲದಿರಬಹುದು, ಹಾಗಾಗಿ ಮನೆಯವರ ಗಮನಕ್ಕೇ ಬರುವುದಿಲ್ಲ.

ಯಾವ ಪರೀಕ್ಷೆ ಏನು ಹೇಳುತ್ತದೆ?

ಟಿಂಪನೊಮೆಟ್ರಿ: ಕಿವಿಯಲ್ಲಿ ಗಾಳಿಯ ಒತ್ತಡ ಬದಲಿಸಿ ತಮಟೆ ಅಲುಗುತ್ತದೆಯೇ ಎಂದು ನೋಡುತ್ತಾರೆ. ರೇಖೆ ಚಪ್ಪಟೆಯಾಗಿ ಬಂದರೆ ತಮಟೆಯ ಹಿಂದೆ ದ್ರವ ಇರುವ ಸಾಧ್ಯತೆ ಹೆಚ್ಚು. ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಬೇಕು.

ಒಎಇ: ಕಿವಿಗೆ ಪುಟ್ಟ ಪ್ರೋಬ್ ಇಟ್ಟು, ಒಳಕಿವಿಯ ರೋಮಕೋಶಗಳು ಹಿಂದಿರುಗಿಸುವ ಸೂಕ್ಷ್ಮ ಧ್ವನಿಯನ್ನು ದಾಖಲಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಮಗು ಉತ್ತರಿಸಬೇಕಿಲ್ಲ, ಅಲುಗಾಡದೆ ಇದ್ದರೆ ಸಾಕು. ಮೇಣ ಅಥವಾ ದ್ರವ ಇದ್ದರೂ ಫೇಲ್ ಎಂದು ಬರಬಹುದು. ಇನ್ನೊಂದು ಕಡೆ, ಶ್ರವಣ ನರದ ತೊಂದರೆ ಇದ್ದರೂ ಇದರಲ್ಲಿ ಪಾಸಾಗಬಹುದು.

ಬೆರಾ: ಹಣೆ ಮತ್ತು ಕಿವಿಯ ಹಿಂಭಾಗಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಧ್ವನಿಗೆ ನರ ಮತ್ತು ಮೆದುಳುಕಾಂಡ ಹೇಗೆ ಪ್ರತಿಕ್ರಿಯಿಸುತ್ತವೆ ಎಂದು ಅಳೆಯುತ್ತಾರೆ. ನೋವಿಲ್ಲ. ಈ ವಯಸ್ಸಿನ ಮಕ್ಕಳು ಇದಕ್ಕೆ ಗಾಢ ನಿದ್ದೆಯಲ್ಲಿರಬೇಕು. ಎರಡನೇ ಹಂತದಲ್ಲಿ ಹೇಳಿದ ಅಪಾಯಕಾರಿ ಅಂಶಗಳಿದ್ದರೆ ಒಎಇ ಪಾಸಾದರೂ ಬೆರಾ ಬೇಕೇ ಎಂದು ಕೇಳಿ.

ವರ್ತನೆ ಆಧಾರಿತ ಪರೀಕ್ಷೆ: ಧ್ವನಿ ಬಂದ ಕಡೆ ತಿರುಗಿದರೆ ಮಿನುಗುವ ಗೊಂಬೆ ಕಾಣಿಸುತ್ತದೆ. ಸುಮಾರು ಆರು ತಿಂಗಳಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಂದುತ್ತದೆ. ಮಗು ಧ್ವನಿಗೆ ನಿಜಕ್ಕೂ ಹೇಗೆ ಸ್ಪಂದಿಸುತ್ತದೆ ಎಂದು ತೋರಿಸುವ ಪರೀಕ್ಷೆ ಇದು.

ಬೆರಾ ದಿನದ ತಯಾರಿ ಕೆಡುವುದೇ ಹೆಚ್ಚು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ. ದಾರಿಯಲ್ಲಿ ನಿದ್ದೆ ಮಾಡದಂತೆ ಪಕ್ಕದಲ್ಲಿ ಒಬ್ಬರು ಆಡಿಸುತ್ತಿರಬೇಕು, ಆದ್ದರಿಂದ ಇಬ್ಬರು ಹೋಗಿ. ಮಗುವಿಗೆ ರೂಢಿಯಾದ ಹೊದಿಕೆ ಒಯ್ಯಿರಿ. ತಲೆಗೆ ಎಣ್ಣೆ, ಮುಖಕ್ಕೆ ಕ್ರೀಮ್ ಹಚ್ಚಬೇಡಿ, ಎಲೆಕ್ಟ್ರೋಡ್ ಅಂಟುವುದಿಲ್ಲ. ನಿದ್ದೆಗೆ ಔಷಧಿ ಕೊಡುವುದಾದರೆ ಎಷ್ಟು ಹೊತ್ತು ಮುಂಚಿನಿಂದ ಏನೂ ತಿನ್ನಿಸಬಾರದು, ಕುಡಿಸಬಾರದು ಎಂದು ಹಿಂದಿನ ದಿನವೇ ಕೇಳಿಕೊಂಡು ಅಕ್ಷರಶಃ ಪಾಲಿಸಿ. ಮನೆಯಲ್ಲಿ ನೀವಾಗಿ ಯಾವ ನಿದ್ದೆಯ ಔಷಧಿಯನ್ನೂ ಕೊಡಬಾರದು. ಶೀತ, ಕೆಮ್ಮು ಇದ್ದರೆ ಮೊದಲೇ ಫೋನ್ ಮಾಡಿ ತಿಳಿಸಿ.

ಫಲಿತಾಂಶದಲ್ಲಿ ಎರಡೂ ಕಿವಿಯ ವಿವರ ಬೇರೆ ಬೇರೆಯಾಗಿ ಇದೆಯೇ ನೋಡಿ. ‘ಸರಿಯಾಗಿ ಆಗಲಿಲ್ಲ’ ಎಂಬುದು ‘ನಾರ್ಮಲ್’ ಅಲ್ಲ. ಅಪೂರ್ಣವಾಗಿದ್ದರೆ ಮರುಪರೀಕ್ಷೆಯ ದಿನಾಂಕ ಪಡೆದೇ ಹೊರಡಿ.

## ಹಂತ 8: ಮಾತು-ಭಾಷೆಯ ಮೌಲ್ಯಮಾಪನ

ಸ್ಪೀಚ್ ಥೆರಪಿಸ್ಟ್ ಮೊದಲು ನಿಮ್ಮೊಡನೆ ದೀರ್ಘವಾಗಿ ಮಾತಾಡುತ್ತಾರೆ, ಆಮೇಲೆ ನೆಲದ ಮೇಲೆ ಕೂತು ಮಗುವಿನೊಡನೆ ಆಡುತ್ತಾರೆ. ನೋಡುವವರಿಗೆ ಬರೀ ಆಟ. ಅವರು ಗಮನಿಸುತ್ತಿರುವುದು ಹಲವು: ಗೊಂಬೆ ಬಿದ್ದಾಗ ಮಗು ಅವರ ಮುಖ ನೋಡುತ್ತದೆಯೇ, ಕೀಲಿ ಮುಗಿದ ಆಟಿಕೆಯನ್ನು ಮತ್ತೆ ಓಡಿಸಲು ಸಹಾಯ ಕೇಳುತ್ತದೆಯೇ, ಗೊಂಬೆಗೆ ಊಟ ಮಾಡಿಸುವಂತೆ ನಟಿಸುತ್ತದೆಯೇ, ತುಟಿ ನಾಲಗೆಗಳ ಚಲನೆ ಹೇಗಿದೆ.

ಮಗು ಉಂಡು, ನಿದ್ದೆ ಮಾಡಿ ಎದ್ದಿರುವ ಹೊತ್ತನ್ನೇ ಆರಿಸಿಕೊಳ್ಳಿ. ಕಿವಿ ಪರೀಕ್ಷೆಯ ತಯಾರಿಗೆ ಇದು ತದ್ವಿರುದ್ಧ, ಆದ್ದರಿಂದ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಒಳಗೆ ಮಗುವಿಗೆ ಉತ್ತರ ಹೇಳಿಕೊಡಬೇಡಿ, ಅದರ ಪರವಾಗಿ ಉತ್ತರಿಸಲೂ ಬೇಡಿ. ಮಗುವಿಗೆ ಗೊತ್ತಿರುವುದನ್ನು ಅಲ್ಲಿ ಹೇಳಲಿಲ್ಲವಾದರೆ ಚಡಪಡಿಸಬೇಕಿಲ್ಲ, ನೋಟ್‌ಬುಕ್ ಮತ್ತು ವಿಡಿಯೋ ಇರುವುದೇ ಅದಕ್ಕೆ.

ಮೌಲ್ಯಮಾಪನ ಮನೆಯ ಭಾಷೆಯಲ್ಲೇ ನಡೆಯಲಿ ಎಂದು ಕೇಳಿ. ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ‘ಬಾಲ್ ಎಲ್ಲಿದೆ’ ಎಂದು ಕೇಳಿ ಅಂಕ ಕಳೆದರೆ ಆ ಫಲಿತಾಂಶಕ್ಕೆ ಬೆಲೆಯಿಲ್ಲ. ಮನೆಯ ಭಾಷೆ ಬಿಟ್ಟು ಒಂದೇ ಭಾಷೆ ಮಾತಾಡಿ ಎಂಬ ಸಲಹೆ ಬಂದರೆ ಒಪ್ಪಬೇಡಿ. ತಂದೆತಾಯಿ ಸರಾಗವಾಗಿ, ಮನಸ್ಸಿಟ್ಟು ಆಡುವ ಭಾಷೆಯೇ ಮಗುವಿಗೆ ಹೆಚ್ಚು ಮಾತು ಕೊಡುವುದು.

ಹತ್ತೇ ನಿಮಿಷದಲ್ಲಿ ಮುಗಿಸಿ, ಮಗುವಿನೊಡನೆ ಆಡದೆ, ಕಿವಿ ಪರೀಕ್ಷೆಯ ವಿಷಯವನ್ನೇ ಎತ್ತದೆ, ಇಷ್ಟು ತಿಂಗಳಲ್ಲಿ ಮಾತು ಬರಿಸುತ್ತೇನೆಂದು ಭರವಸೆ ಕೊಟ್ಟು ಮುಂಗಡ ಹಣ ಕೇಳಿದರೆ ಅಲ್ಲಿಂದ ಎದ್ದುಬನ್ನಿ. ಪ್ರಾಮಾಣಿಕ ತಜ್ಞರು ಅಂಥ ಭರವಸೆ ಕೊಡುವುದಿಲ್ಲ.

## ಹಂತ 9: ವರದಿ ಕೈಗೆ ಬಂದ ಮೇಲೆ

ವರದಿಯಲ್ಲಿ ಗ್ರಹಿಸುವ ಭಾಷೆಯ ವಯಸ್ಸು, ಆಡುವ ಭಾಷೆಯ ವಯಸ್ಸು ಎಂದು ಎರಡು ಅಂಕಿ ಇರುವುದುಂಟು. ಅವುಗಳ ನಡುವಿನ ಅಂತರವನ್ನು ನೋಡಿ, ಅದರ ಅರ್ಥ ಕೇಳಿ. ಆಮೇಲೆ ಇವುಗಳಿಗೆ ಉತ್ತರ ಪಡೆಯಿರಿ: ಮೊದಲ ಮೂರು ತಿಂಗಳ ಗುರಿ ಏನು? ವಾರಕ್ಕೆ ಎಷ್ಟು ಸಲ ಬರಬೇಕು? ಮನೆಯಲ್ಲಿ ನಾವು ಏನು ಮಾಡಬೇಕು, ನಮ್ಮೆದುರೇ ಮಾಡಿ ತೋರಿಸುತ್ತೀರಾ? ಬೇರೆ ತಜ್ಞರನ್ನು ಕಾಣಬೇಕೇ? ಚಿಕ್ಕ ಮಕ್ಕಳ ವಿಷಯದಲ್ಲಿ ತಂದೆತಾಯಿಯನ್ನು ಹೊರಗೆ ಕೂರಿಸಿ ನಡೆಸುವ ಥೆರಪಿಯಿಂದ ಅರ್ಧ ಲಾಭವೂ ಸಿಗಲಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾರಕ್ಕೆ ಒಂದು ಗಂಟೆ ತಜ್ಞರದ್ದು, ಉಳಿದ ಎಚ್ಚರದ ಹೊತ್ತೆಲ್ಲ ಮನೆಯವರದ್ದು.

ಆಟಿಸಂ ಅಥವಾ ಬೇರೆ ಕಾರಣದ ಅಂತಿಮ ನಿರ್ಣಯಕ್ಕೆ ಇನ್ನೂ ಕೆಲವು ಭೇಟಿಗಳು ಬೇಕಾಗಬಹುದು. ತೊಂದರೆಗೆ ಒಂದು ಹೆಸರು ಸಿಗುವವರೆಗೆ ಥೆರಪಿ ತಡೆಯಬೇಡಿ, ಭಾಷೆಯ ನೆರವಿಗೆ ಹೆಸರಿನ ಅಗತ್ಯವಿಲ್ಲ.

ಸರದಿ ಕಾಯುವ ದಿನಗಳಲ್ಲೂ ಮನೆಯಲ್ಲಿ ಕೆಲಸ ಆರಂಭಿಸಬಹುದು. ಮಗುವಿನ ಮುಖದ ಮಟ್ಟಕ್ಕೆ ಬಗ್ಗಿ ಮಾತಾಡಿ. ‘ಇದೇನು? ಅದೇನು?’ ಎಂಬ ಪ್ರಶ್ನೆಗಳನ್ನು ಬಿಟ್ಟು, ಮಗು ನೋಡುತ್ತಿರುವುದನ್ನೇ ಚಿಕ್ಕ ವಾಕ್ಯದಲ್ಲಿ ಹೇಳಿ, ಆಮೇಲೆ ಸುಮ್ಮನಿದ್ದು ಅವಕಾಶ ಕೊಡಿ. ಮಗು ‘ಕಾರು’ ಎಂದರೆ ನೀವು ‘ಕಾರು ಹೋಯಿತು’ ಎನ್ನಿ, ಒಂದೇ ಪದ ಹೆಚ್ಚಿಗೆ. ಮೊಬೈಲ್, ಟಿವಿ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಹೀಗಿದೆ: ಒಂದು ವರ್ಷದ ಮಕ್ಕಳಿಗೆ ಪರದೆ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಆದರೆ ಪರದೆ ನಿಲ್ಲಿಸಿ ಮೂರು ತಿಂಗಳು ನೋಡೋಣ ಎಂದು ತಪಾಸಣೆಯನ್ನು ಮುಂದೂಡುವುದು ತಪ್ಪು. ಪರದೆ ಕಡಿಮೆಯಾಗಲಿ, ತಪಾಸಣೆಯೂ ನಡೆಯಲಿ.

ಮೂರು ತಿಂಗಳಿಗೆ ಮರುಪರಿಶೀಲನೆಯ ದಿನ ಈಗಲೇ ಹಾಕಿಸಿಕೊಳ್ಳಿ. ಆ ಭೇಟಿಗೆ ಒಂದು ವಾರ ಮುಂಚೆ ಮೂರು, ನಾಲ್ಕು, ಐದನೇ ಹಂತಗಳನ್ನು ಹೊಸದಾಗಿ ಮಾಡಿ, ಹಳೆಯ ಪಟ್ಟಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ತೋರಿಸಿ. ಪದಗಳೂ ಸನ್ನೆಗಳೂ ಅರ್ಥವಾಗುವ ಮಾತುಗಳೂ ಇದ್ದಲ್ಲೇ ಇದ್ದರೆ ಗುರಿ ಅಥವಾ ವಿಧಾನ ಬದಲಾಗಬೇಕು. ನಡುವೆ ಶೀತ, ಕಿವಿನೋವು ಬಂದು ಹೋಗಿದ್ದರೆ ಟಿಂಪನೊಮೆಟ್ರಿಯನ್ನು ಇನ್ನೊಮ್ಮೆ ಮಾಡಿಸಿ.